ಹಾಸಿಗೆಯದ್ದೇ ತಪ್ಪು

ದಿಂಬಣ್ಣನ ಅಂಗಡಿಗೆ ಹಾಸಿಗೆ ಕೊಳ್ಳಲು ಬಂದವರು ಮೊದಲು ಅವನನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಿದ್ದರು. ಮೈಕೈ ತುಂಬಿಕೊಂಡು, ಕತ್ತು ಎನ್ನುವುದು ಇದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ದುಂಡಗಿದ್ದ. ಆ ಹೆಸರಿಟ್ಟವರು ಯಾರೋ ಏನೋ, ಇಟ್ಟಮೇಲೆ ಅವನ ನಿಜವಾದ ಹೆಸರು ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿಯಿತು. ಹೆಂಡತಿ ಅವನಿಗೆ ತದ್ವಿರುದ್ಧ: ಸಣಕಲು ಮೈ, ಚುರುಕು ಕಣ್ಣು, ಚುಚ್ಚುವ ಮಾತು. ಅಂಗಡಿಯ ಹೊಲಿಗೆಯೆಲ್ಲ ಅವಳದೇ ಆದ್ದರಿಂದ ಬೀದಿಯವರು ಅವಳನ್ನು ಸೂಜಿಯಕ್ಕ ಎಂದರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಗಂಡನಿಗಿಟ್ಟ ಹೆಸರಿಗಿಂತ ತನ್ನದೇ ವಾಸಿ ಎಂದುಕೊಂಡಳು.

ಮುಂದೆ ಅಂಗಡಿ, ಹಿಂದೆ ಕೆಲಸದ ಕೋಣೆ, ಮೇಲೆ ಮನೆ. ಹತ್ತಿ, ನಾರು, ಸ್ಪ್ರಿಂಗು, ಫೋಮು ಎಲ್ಲಕ್ಕೂ ಒಂದೊಂದು ಮೂಲೆ. ಹತ್ತಿಯ ಧೂಳು ಮೆಟ್ಟಿಲು ಹತ್ತಿ ಹೋಗಿ ಅವರ ಕಾಫಿಯಲ್ಲೂ ತೇಲುತ್ತಿತ್ತು. ಇಪ್ಪತ್ತೆಂಟು ವರ್ಷದಿಂದ ಗಂಡಹೆಂಡತಿ ಅಲ್ಲೇ ಕೂತು, ಅಲ್ಲೇ ನಿಂತು, ಅಲ್ಲೇ ಜಗಳವಾಡಿ, ಒಬ್ಬಳು ಮಗಳನ್ನು ಬೆಳೆಸಿ ಮದುವೆ ಮಾಡಿ ಕಳಿಸಿದ್ದರು.

ದಿಂಬಣ್ಣನಿಗೆ ಎರಡು ನಂಬಿಕೆಗಳಿದ್ದವು. ಒಂದು, ಹಿಡಿದ ಕೆಲಸ ಮುಗಿಸಲೇಬೇಕು, ಮುಗಿಸಲಾಗದ್ದನ್ನು ಮುಟ್ಟಲೇಬಾರದು. ಎರಡನೆಯದು, ಮನುಷ್ಯನಿಗೆ ಬರುವ ಕಷ್ಟಗಳಿಗೆಲ್ಲ ಹಾಸಿಗೆಯೇ ಮೂಲ. ಬೆನ್ನುನೋವು ಎಂದು ಯಾರಾದರೂ ಬಂದರೆ ಹಾಸಿಗೆಯದ್ದೇ ತಪ್ಪು ಎನ್ನುತ್ತಿದ್ದ. ನಿದ್ದೆ ಬರಲ್ಲ ಎಂದರೂ ಅದೇ ಮಾತು. ಪರೀಕ್ಷೆಯಲ್ಲಿ ಫೇಲಾದ ಹುಡುಗನ ಅಪ್ಪನಿಗೂ ಒಮ್ಮೆ ಅದನ್ನೇ ಹೇಳಿ ಗಟ್ಟಿ ನಾರಿನ ಹಾಸಿಗೆಯೊಂದನ್ನು ಹೊರಿಸಿ ಕಳಿಸಿದ್ದ. ವ್ಯಾಪಾರಕ್ಕೆಂದು ಹೇಳುತ್ತಿದ್ದನೆಂದುಕೊಳ್ಳಬೇಡಿ, ಪುಣ್ಯಾತ್ಮ ಮನಸಾರೆ ನಂಬಿದ್ದ.

ಇಂಥವನಿಗೆ ಐವತ್ನಾಲ್ಕನೆಯ ವಯಸ್ಸಿನಲ್ಲಿ, ಒಂದು ಶನಿವಾರ, ಮೈ ಕೈಕೊಟ್ಟಿತು. ಕೈಕೊಟ್ಟಿತು ಎಂದರೆ ಏನು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳದೆ ಮುಚ್ಚಿಟ್ಟಿದ್ದರಿಂದಲೇ ಈ ಕಥೆ ಇಷ್ಟು ಉದ್ದವಾದದ್ದು. ಅವನಿಗೆ ಮನಸ್ಸಿತ್ತು, ಪಕ್ಕದಲ್ಲಿ ಹೆಂಡತಿ ಇದ್ದಳು, ಅವಳಿಗೂ ಮನಸ್ಸಿತ್ತು, ಬಾಗಿಲಿನ ಚಿಲಕವೂ ಹಾಕಿತ್ತು, ಆದರೆ ಏಳಬೇಕಾದ್ದು ಏಳಲಿಲ್ಲ. ಅಷ್ಟೇ. ಲೋಕದಲ್ಲಿ ದಿನಕ್ಕೆ ಎಷ್ಟು ಮನೆಗಳಲ್ಲಿ ಆಗುವ ಸಂಗತಿಯೋ ಏನೋ. ಸೂಜಿಯಕ್ಕ, ಸುಸ್ತಾಗಿರಬೇಕು ನಿಮಗೆ, ಎಂದು ಆ ಕಡೆ ಹೊರಳಿ ಎರಡೇ ನಿಮಿಷಕ್ಕೆ ಗೊರಕೆ ಹೊಡೆದಳು. ದಿಂಬಣ್ಣ ಮಾತ್ರ ಸೂರು ನೋಡುತ್ತ ಮಲಗಿದ್ದ. ಮುಂದಿನ ವಾರ ಮತ್ತೆ ಹಾಗೇ ಆಯಿತು. ಅದರ ಮುಂದಿನ ವಾರ, ಆಗುತ್ತದೋ ಇಲ್ಲವೋ ಎಂಬ ಭಯದಲ್ಲೇ ಶುರುಮಾಡಿದ್ದರಿಂದ, ಆಗಲೇ ಇಲ್ಲ.

ನಾಲ್ಕನೆಯ ವಾರ ಒಂದು ಬೆಳಿಗ್ಗೆ ಅವನಿಗೆ ಜ್ಞಾನೋದಯವಾಯಿತು. ತಾನು ಇಪ್ಪತ್ತೆಂಟು ವರ್ಷದಿಂದ ಊರಿಗೆಲ್ಲ ಹೇಳಿದ್ದನ್ನು ತನಗೇ ಹೇಳಿಕೊಳ್ಳಲು ಮರೆತಿದ್ದೆನಲ್ಲ ಎಂದು ಹಣೆ ಚಚ್ಚಿಕೊಂಡ. ತಿಂಡಿಯನ್ನೂ ತಿನ್ನದೆ ಮಂಚದ ಮೇಲಿನ ಹತ್ತಿಯ ಹಾಸಿಗೆಯನ್ನು ಕೆಳಗೆಳೆದು ತಂದು, ಕತ್ತರಿ ಹಾಕಿ ಹೊಟ್ಟೆ ಬಗೆದ. ಹತ್ತಿಯಲ್ಲಿ ಗಂಟುಗಳಿದ್ದವು. ಅವನ್ನು ನೋಡಿ ಅವನಿಗಾದ ಸಂತೋಷ ಅಷ್ಟಿಷ್ಟಲ್ಲ.

ಹೊಸ ಹತ್ತಿ ತುಂಬಿಸಿದ. ಏನೂ ಆಗಲಿಲ್ಲ. ಮೆತ್ತಗಾಯಿತೇನೋ ಎಂದು ನಾರಿನ ಹಾಸಿಗೆ ಹಾಕಿದ. ಅದು ಎಷ್ಟು ಗಟ್ಟಿಯಿತ್ತೆಂದರೆ ಸೂಜಿಯಕ್ಕ ಬೆಳಿಗ್ಗೆ ಎದ್ದು, ಇದರ ಮೇಲೆ ಮಲಗುವುದಕ್ಕಿಂತ ಅಂಗಡಿಯ ಕಟ್ಟೆ ಮೇಲೆ ಮಲಗಿದರೆ ಗಾಳಿಯಾದರೂ ಬರುತ್ತದೆ ಎಂದಳು. ಆಮೇಲೆ ಸ್ಪ್ರಿಂಗು. ಸ್ಪ್ರಿಂಗಿನ ಹಾಸಿಗೆಯಲ್ಲಿ ದಿಂಬಣ್ಣ ಈ ಕಡೆ ಕೂತರೆ ಆ ಕಡೆ ಅವನ ಹೆಂಡತಿ ಗೇಣುದ್ದ ಮೇಲಕ್ಕೆ ಹಾರುತ್ತಿದ್ದಳು. ಒಂದು ದಿನ ಕೈಯಲ್ಲಿದ್ದ ನೀರಿನ ಲೋಟದ ಸಮೇತ ಹಾರಿದಳು. ಅದರ ನಂತರ ಫೋಮು ಬಂತು. ಅದರಲ್ಲಿ ಅವನು ಹೂತುಹೋಗಿ, ಎದ್ದು ಬರಲು ಹೆಂಡತಿ ಕೈಕೊಟ್ಟು ಎಳೆಯಬೇಕಾಯಿತು. ಇಷ್ಟೆಲ್ಲ ಯಾಕೆ ಎಂದು ಅವಳು ಕೇಳಿದಾಗ ಹೊಸ ಮಾಲು, ಮೊದಲು ಮನೆಯಲ್ಲೇ ಪರೀಕ್ಷೆ ಮಾಡುತ್ತಿದ್ದೇನೆ ಎಂದ. ಅವಳು ಅವನ ಮುಖವನ್ನೇ ನೋಡಿ, ಏನೋ ಕೇಳಲು ಬಾಯಿ ತೆರೆದು, ಕೇಳದೆ ಒಳಗೆ ಹೋದಳು.

ಹಾಸಿಗೆಗಳೆಲ್ಲ ಸರಿಯಿವೆ ಎಂದಾದಮೇಲೆ ಅನುಮಾನ ಮಂಚದ ಮೇಲೆ ತಿರುಗಿತು. ಎದುರು ಸಾಲಿನಲ್ಲಿ ಮಂಚ ಮಾಡುವ ಬಡಗಿಯೊಬ್ಬನಿದ್ದ. ದಿಂಬಣ್ಣನ ಹಳೆಯ ಗೆಳೆಯ, ತನ್ನ ಗಂಡಸುತನದ ಬಗ್ಗೆ ಯಾರೂ ಕೇಳದಿದ್ದರೂ ಹೇಳಿಕೊಳ್ಳುವ ಪೈಕಿ. ಮಂಚ ಒಂದು ಕಡೆ ವಾಲುತ್ತಿದೆ ಎಂದು ಸುಳ್ಳು ಹೇಳಿ ಅವನನ್ನು ಕರೆಸಿದ್ದಾಯಿತು. ಬಡಗಿ ರಸಮಟ್ಟ ತಂದು ಮಂಚದ ನಾಲ್ಕೂ ಪಟ್ಟಿಗಳ ಮೇಲೆ ಇಟ್ಟು, ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿದ್ದನ್ನು ತೋರಿಸಿದ. ತಾನು ಮಾಡಿದ ಮಂಚ ನೂರು ವರ್ಷವಾದರೂ ವಾಲುವುದಿಲ್ಲ, ತನ್ನ ಮನೆಯ ಮಂಚ ದಿನಕ್ಕೆ ಎರಡು ಸಲದ ಹೊಡೆತ ತಡೆದುಕೊಂಡು ನಿಂತಿದೆ ಎಂದು ಕಣ್ಣು ಮಿಟುಕಿಸಿದ. ಬಾಗಿಲಲ್ಲಿ ನಿಂತಿದ್ದ ಸೂಜಿಯಕ್ಕ, ನಿಮ್ಮ ಹೆಂಡತಿ ಎರಡು ತಿಂಗಳಿಂದ ತಂಗಿ ಮನೆಯಲ್ಲಿದ್ದಾಳಲ್ಲ, ಮಂಚಕ್ಕೆ ಹೊಡೆತ ಯಾರು ಕೊಡ್ತಿದ್ದಾರೆ ಎಂದು ಕೇಳಿದಳು. ಬಡಗಿ ರಸಮಟ್ಟವನ್ನು ಚೀಲಕ್ಕೆ ಹಾಕಿಕೊಂಡು ಕಾಫಿಯನ್ನೂ ಕುಡಿಯದೆ ಹೊರಟುಹೋದ.

ಈ ಹೊತ್ತಿಗೆ ದಿಂಬಣ್ಣನ ಮೊದಲನೆಯ ನಂಬಿಕೆ ಕೆಲಸ ಶುರುಮಾಡಿತ್ತು. ಮುಗಿಸಲಾಗದ್ದನ್ನು ಮುಟ್ಟಬಾರದು. ಹೆಂಡತಿಯ ಭುಜದ ಮೇಲೆ ಕೈಯಿಟ್ಟರೆ ಅದು ಎಲ್ಲಿಗೋ ಹೋಗುತ್ತದೆ, ಹೋದಮೇಲೆ ಅಲ್ಲಿ ಅವಮಾನವಾಗುತ್ತದೆ, ಆದ್ದರಿಂದ ಕೈಯಿಡುವುದನ್ನೇ ಬಿಟ್ಟ. ಅವಳ ಪಕ್ಕ ಕೂರುವುದನ್ನು ಬಿಟ್ಟ. ಅವಳಿಗೆ ನಿದ್ದೆ ಹತ್ತುವವರೆಗೆ ಟಿವಿಯ ಮುಂದೆ ಕೂತು, ಅರ್ಥವಾಗದ ಭಾಷೆಯ ಕುಸ್ತಿಯನ್ನೆಲ್ಲ ನೋಡಿದ. ಅವಳು ಕಾಫಿ ಕೊಡುವಾಗ ಬೆರಳಿಗೆ ಬೆರಳು ತಾಗದಂತೆ ಲೋಟವನ್ನು ಬುಡದಲ್ಲಿ ಹಿಡಿದು ಕೈ ಸುಟ್ಟುಕೊಂಡ. ಪೆದ್ದ ಎಂದರೆ ಇವನೇ. ಹೊಟ್ಟೆನೋವು ಎಂದು ಊಟವನ್ನೇ ಬಿಟ್ಟುಬಿಟ್ಟವರನ್ನು ನೋಡಿದ್ದೇನೆ, ಅನ್ನದ ಪಾತ್ರೆಯನ್ನೇ ಕಂಡು ಓಡುವವನನ್ನು ಕಂಡಿದ್ದು ಇವನೊಬ್ಬನನ್ನೇ.

ಕೊನೆಗೆ, ಬೇರೆ ದಾರಿ ಕಾಣದೆ, ಡಾಕ್ಟರ ಬಳಿ ಹೋದ. ಎರಡು ಬೀದಿ ಆಚೆಗಿನ ಸಣ್ಣ ಕ್ಲಿನಿಕ್ಕು, ಹಸಿರು ಪರದೆ, ತೂಕದ ಯಂತ್ರ, ಅರವತ್ತರ ಹತ್ತಿರದ ಮೆಲುಮಾತಿನ ಡಾಕ್ಟರು. ಮೊದಲು ಮೊಣಕಾಲು ನೋವು ಎಂದ. ಡಾಕ್ಟರು ಮೊಣಕಾಲಿಗೆ ಸುತ್ತಿಗೆಯಲ್ಲಿ ಕುಟ್ಟಿ ಸರಿಯಿದೆ ಎಂದರು. ಹಾಗಾದರೆ ಕಿವಿ ಎಂದ. ಕಿವಿಯೂ ಸರಿಯಿತ್ತು. ಆಮೇಲೆ, ತನ್ನ ಗಿರಾಕಿಯೊಬ್ಬರಿಗೆ ಹೀಗೊಂದು ತೊಂದರೆ, ಪಾಪ ಅವರಿಗೆ ಬರಲು ನಾಚಿಕೆ, ತಾನು ಅವರ ಪರವಾಗಿ ಕೇಳಲು ಬಂದೆ ಎಂದು ಮೇಜಿನ ಕಾಲನ್ನು ನೋಡುತ್ತ ಎಲ್ಲವನ್ನೂ ಹೇಳಿದ.

ಡಾಕ್ಟರು ತಲೆಯಾಡಿಸಿ ಕೇಳಿಸಿಕೊಂಡರು. "ಸರಿ, ನಿಮ್ಮ ಗಿರಾಕಿಯ ಬಿಪಿ ನೋಡೋಣ. ತೋಳು ಚಾಚಿ" ಎಂದರು.

ಗಿರಾಕಿಯ ಬಿಪಿ ಸ್ವಲ್ಪ ಹೆಚ್ಚೇ ಇತ್ತು. ಅದಕ್ಕೊಂದು ಮಾತ್ರೆ ಬರೆದು, ರಕ್ತದ ಪರೀಕ್ಷೆಗೂ ಬರೆದುಕೊಟ್ಟರು. ಐವತ್ತು ದಾಟಿದ ಗಂಡಸರಲ್ಲಿ ಇದು ತೀರಾ ಸಾಮಾನ್ಯ, ಚಿಕ್ಕವರಿಗೂ ಆಗುತ್ತದೆ ಎಂದರು. ರಕ್ತ ಓಡಾಡುವ ನಾಳ, ಬಿಪಿ, ಸಕ್ಕರೆ, ನಿದ್ದೆ, ಚಿಂತೆ ಎಲ್ಲವೂ ಇದಕ್ಕೆ ಸೇರಿಕೊಂಡಿವೆ, ಅದಕ್ಕೇ ಮುಚ್ಚಿಡದೆ ತೋರಿಸಬೇಕು ಎಂದರು. ಔಷಧಿಯೂ ಇದೆ, ಆದರೆ ಬಸ್ಸಿನ ಸೀಟಿನ ಹಿಂದೆ ಅಂಟಿಸಿದ ಚೀಟಿ ನೋಡಿ ತಂದು ನುಂಗಬೇಡಿ, ಎಲ್ಲ ಪರೀಕ್ಷೆ ಮುಗಿದಮೇಲೆ ಬೇಕಾದರೆ ಬರೆದುಕೊಡುತ್ತೇನೆ ಎಂದರು. ಗಂಡಹೆಂಡಿರ ಸುಖ ಎಂದರೆ ಅದೊಂದೇ ಅಲ್ಲ, ಅದು ಆಗದ ದಿನ ಬೇರೆಯದೆಲ್ಲ ರದ್ದು ಎಂದು ಎಲ್ಲೂ ಬರೆದಿಲ್ಲ ಎಂದರು. ಆಮೇಲೆ, ನಿಮ್ಮ ಗಿರಾಕಿ ಹೆಂಡತಿಗೆ ಹೇಳಿದ್ದಾರಾ ಎಂದು ಕೇಳಿದರು.

"ಇಲ್ಲ ಸರ್. ಹಾಸಿಗೆ ಬದಲಾಯಿಸಿದ್ದಾರೆ."

"ಎಷ್ಟು ಸಲ?"

"ನಾಲ್ಕು ಸಲ."

ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ನಿಲ್ಲಿಸಿದರು. ಆಗ ದಿಂಬಣ್ಣನಿಗೆ ನೆನಪಾಯಿತು. ಈ ಡಾಕ್ಟರು ಹೋದ ವರ್ಷ ಒಂದರಲ್ಲೇ ತನ್ನ ಅಂಗಡಿಯಿಂದ ಮೂರು ಹಾಸಿಗೆ ಒಯ್ದಿದ್ದರು. ಮೊದಲು ಹತ್ತಿಯದು, ಆಮೇಲೆ ಸ್ವಲ್ಪ ಗಟ್ಟಿ ಬೇಕು ಎಂದು ನಾರಿನದು, ಆಮೇಲೆ ಅಷ್ಟು ಗಟ್ಟಿ ಬೇಡ ಎಂದು ಸ್ಪ್ರಿಂಗಿನದು. ಮೂರು ಸಲವೂ ಒಬ್ಬರೇ ಬಂದಿದ್ದರು. ದಿಂಬಣ್ಣ ತಲೆಯೆತ್ತಿ ನೋಡಿದ. ಡಾಕ್ಟರೂ ನೋಡಿದರು.

"ನನಗೆ ಬೆನ್ನುನೋವಿತ್ತು" ಎಂದರು ಡಾಕ್ಟರು.

"ಹೌದು ಸರ್. ಬೆನ್ನುನೋವೇ" ಎಂದ ದಿಂಬಣ್ಣ.

ಡಾಕ್ಟರು ಚೀಟಿ ಹರಿದು ಕೈಗಿತ್ತು, ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಹೆಂಡತಿಗೆ ಹೇಳಿ, ನಾನು ತಡಮಾಡಿ ಹೇಳಿದೆ, ಅಷ್ಟು ತಡಮಾಡಬಾರದಿತ್ತು ಎಂದು ಪರದೆಯ ಮರೆಯಲ್ಲಿ ಮೆಲ್ಲಗೆ ಸೇರಿಸಿದರು.

ವಾಪಸು ಬರುವ ದಾರಿಯಲ್ಲಿ ದಿಂಬಣ್ಣನ ತಲೆಯಲ್ಲಿ ಒಂದು ಮೆರವಣಿಗೆಯೇ ಹೊರಟಿತು. ಹಾಸಿಗೆ ಯಾಕೋ ಸರಿಯಿಲ್ಲಪ್ಪ ಎಂದು ಅತ್ತಿತ್ತ ನೋಡಿಕೊಂಡು ಒಬ್ಬೊಬ್ಬರೇ ಬಂದ ಗಂಡಸರೆಲ್ಲ ಸಾಲಾಗಿ ಕಣ್ಣಮುಂದೆ ಹಾದುಹೋದರು. ಬ್ಯಾಂಕಿನ ಮ್ಯಾನೇಜರು. ವ್ಯಾಯಾಮದ ಮೇಷ್ಟರು. ಮೀಸೆ ತಿರುವುತ್ತಲೇ ಮಾತಾಡುವ ಲಾರಿ ಮಾಲೀಕರು, ಅವರು ಎರಡು ಸಲ. ಎಷ್ಟು ಜನಕ್ಕೆ ಎಂಥೆಂಥ ಹಾಸಿಗೆ ಹೊರಿಸಿ ಕಳಿಸಿದೆನಪ್ಪಾ ಎಂದು ಅವನನ್ನು ಪಾಪಪ್ರಜ್ಞೆಯೂ ಕಾಡಿತು, ಜೊತೆಗೆ ಎದೆ ಹಗುರವೂ ಆಯಿತು. ತಾನೊಬ್ಬನೇ ಅಲ್ಲ. ಈ ಬೀದಿಯ ಅರ್ಧ ಗಂಡಸರು ತನ್ನ ಪಕ್ಕದಲ್ಲೇ ಸೂರು ನೋಡುತ್ತ ಮಲಗಿದ್ದಾರೆ.

ಇನ್ನು ಉಳಿದದ್ದು ಹೆಂಡತಿಗೆ ಹೇಳುವುದು. ಅದೇ ಆಗಲೊಲ್ಲದು. ಬಿಪಿಯ ಮಾತ್ರೆಯನ್ನು ವಿಟಮಿನ್ ಎಂದು ಹೇಳಿ ನುಂಗುತ್ತಿದ್ದ. ಒಂದು ಮಧ್ಯಾಹ್ನ, ಬಾಯಿ ಪಾಠವಾದರೂ ಆಗಲಿ ಎಂದು, ಕೆಲಸದ ಕೋಣೆಯಲ್ಲಿ ಒಂದು ದಿಂಬನ್ನು ಎದುರಿಗೆ ಒರಗಿಸಿಟ್ಟು, ನೋಡು ಇವಳೇ, ಕೋಪ ಮಾಡ್ಕೋಬೇಡ, ಎಂದು ಶುರುಮಾಡಿದ. ದಿಂಬು ಚೆನ್ನಾಗಿಯೇ ಕೇಳಿಸಿಕೊಂಡಿತು. ಅರ್ಧಕ್ಕೆ ಬಂದಾಗ ಸೂಜಿಯಕ್ಕ ಒಳಗೆ ಬಂದು ಯಾರ ಜೊತೆ ಮಾತು ಎಂದಳು. ಹೊಲಿಗೆ ನೋಡ್ತಿದ್ದೆ ಎಂದು ದಿಂಬನ್ನು ಎರಡು ಸಲ ತಟ್ಟಿ ಎದ್ದುಹೋದ. ಅವಳು ಅಲ್ಲೇ ನಿಂತು ದಿಂಬನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ಇತ್ತೀಚೆಗೆ ಗಂಡ ತನ್ನ ಕಡೆ ಇಷ್ಟು ಅಕ್ಕರೆಯಿಂದ ನೋಡಿ ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ.

ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಮಾಡಿ ತೋರಿಸುತ್ತೇನೆಂದು ಹೊರಟಿದ್ದು ಅವನ ದೊಡ್ಡ ತಪ್ಪು. ನಿದ್ದೆ ಚೆನ್ನಾಗಿ ಆಗಬೇಕು ಎಂದು ಡಾಕ್ಟರು ಹೇಳಿದ್ದರಷ್ಟೆ? ತಾನು ರಾತ್ರಿಯಿಡೀ ಹೊರಳುವುದರಿಂದ ಹೆಂಡತಿಯ ನಿದ್ದೆ ಕೆಡಬಾರದು. ಒಂದು ದೊಡ್ಡ ಹಾಸಿಗೆಯ ಬದಲು ಎರಡು ಸಣ್ಣ ಹಾಸಿಗೆ ಮಾಡಿದ. ಅವಳದಕ್ಕೆ ಇರುವುದರಲ್ಲೇ ಒಳ್ಳೆಯ ಹತ್ತಿ, ಅವಳ ಬೆನ್ನಿಗೆ ಹೊಂದುವಂತೆ ನಡುವೆ ತುಸು ಗಟ್ಟಿ, ಅಂಚಿಗೆ ಅವಳಿಗಿಷ್ಟವಾದ ನೀಲಿ ಪಟ್ಟಿ. ಮೂರು ದಿನ ಕೂತು ಮಾಡಿದ. ತನ್ನ ಜೀವಮಾನದಲ್ಲಿ ಅಷ್ಟು ಮುತುವರ್ಜಿಯಿಂದ ಯಾವ ಹಾಸಿಗೆಯನ್ನೂ ಮಾಡಿರಲಿಲ್ಲ. ಎರಡನ್ನೂ ಮಂಚದ ಮೇಲೆ ಜೋಡಿಸಿ ಅವಳನ್ನು ಕರೆದ.

ಸೂಜಿಯಕ್ಕ ಬಂದು ನೋಡಿದಳು. ಎರಡರ ನಡುವಿನ ಸಂದಿಗೆ ಕೈ ಹಾಕಿದಳು. ಕೈ ಮೊಣಕೈವರೆಗೆ ಇಳಿಯಿತು.

"ಇದೇನಿದು?"

"ನಿನಗೆ ನಿಂದು, ನನಗೆ ನಂದು. ಒಬ್ಬರು ಹೊರಳಿದ್ರೆ ಇನ್ನೊಬ್ಬರಿಗೆ ಗೊತ್ತೇ ಆಗಲ್ಲ" ಎಂದ ದಿಂಬಣ್ಣ ಹೆಮ್ಮೆಯಿಂದ.

ಯಾವ ಮಾತಿಗೂ ಒಂದು ಮಾತು ಚುಚ್ಚದೆ ಬಿಟ್ಟವಳಲ್ಲ, ಅಂಥವಳು ಸುಮ್ಮನೆ ಕೈ ಹೊರಗೆಳೆದುಕೊಂಡು ಕೆಳಗಿಳಿದು ಹೋದಳು. ಮೆಚ್ಚುಗೆಯಾಗಿರಬೇಕು ಎಂದುಕೊಂಡ ಆ ಪುಣ್ಯಾತ್ಮ. ಸಂಜೆ ಬಂದು ನೋಡಿದರೆ ನೀಲಿ ಪಟ್ಟಿಯ ಹಾಸಿಗೆ ಮಂಚದ ಮೇಲಿರಲಿಲ್ಲ. ಮಗಳು ಇರುತ್ತಿದ್ದ ಕೋಣೆಯಲ್ಲಿ ನೆಲದ ಮೇಲೆ ಹಾಸಿತ್ತು. ಮರುದಿನ ಅವಳು ಮಗಳಿಗೆ ಫೋನು ಮಾಡಿದಳು. ಸೋಮವಾರ ಬರುತ್ತೇನೆ, ಮೂರು ತಿಂಗಳು ಇರುತ್ತೇನೆ, ಜಾಸ್ತಿಯಾದರೂ ಆದೀತು ಎನ್ನುವುದು ಅವನಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದಳು. ಅಟ್ಟದಿಂದ ದೊಡ್ಡ ಸೂಟ್‌ಕೇಸು ಇಳಿಯುವ ಸದ್ದು ಕೇಳಿ ದಿಂಬಣ್ಣನ ಜೀವ ಬಾಯಿಗೆ ಬಂತು. ಹೋಗಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಹೇಳಲು ಹೋದರೆ ಎಲ್ಲವನ್ನೂ ಹೇಳಬೇಕು.

ಅವರ ಅಂಗಡಿಗೆ ಭಾನುವಾರವೂ ರಜೆಯಿಲ್ಲ. ಆ ಭಾನುವಾರ ವಸತಿಗೃಹವೊಂದಕ್ಕೆ ಕೊಡಬೇಕಾದ ದೊಡ್ಡ ಹಾಸಿಗೆಗೆ ಗಂಟು ಹಾಕುವುದು ಬಾಕಿಯಿತ್ತು. ಇದು ಒಬ್ಬರಿಂದಾಗುವ ಕೆಲಸವಲ್ಲ. ತುಂಬಿದ ಹಾಸಿಗೆಯನ್ನು ಕೋಣೆಯ ನಡುವೆ ಗೋಡೆಯಂತೆ ನೆಟ್ಟಗೆ ನಿಲ್ಲಿಸಿ, ಬೀಳದಂತೆ ಮೇಲಿನ ಕೊಕ್ಕೆಗೆ ಹಗ್ಗ ಕಟ್ಟುತ್ತಾರೆ. ಒಬ್ಬರು ಈ ಕಡೆ, ಒಬ್ಬರು ಆ ಕಡೆ ನಿಲ್ಲುತ್ತಾರೆ. ಈ ಕಡೆಯವರು ಮೊಳದುದ್ದದ ಸೂಜಿಯನ್ನು ದಾರದ ಸಮೇತ ತೂರಿಸಿದರೆ, ಆ ಕಡೆಯವರು ಎಳೆದುಕೊಂಡು, ಒಂದು ಬೆರಳು ಪಕ್ಕಕ್ಕೆ ಚುಚ್ಚಿ ವಾಪಸು ತೂರಿಸಬೇಕು. ಆಗ ಈ ಕಡೆ ಗಂಟು ಬಿಗಿಯುವುದು. ಒಳಗಿನ ಹತ್ತಿ ಒಂದೇ ಕಡೆ ಜರುಗದೆ ನಿಲ್ಲುವುದು ಈ ಗಂಟುಗಳಿಂದಲೇ. ಹೊರಡುವ ಹಿಂದಿನ ದಿನವಾದರೂ ಸೂಜಿಯಕ್ಕ ಕೆಲಸ ಬಿಡುವವಳಲ್ಲ, ಬಂದು ತನ್ನ ಕಡೆ ನಿಂತಳು.

ಹತ್ತು ಗಂಟು ಮಾತಿಲ್ಲದೆ ಹೋಯಿತು. ದಿಂಬಣ್ಣನಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಹಾಸಿಗೆಯ ಕೆಳಗೆ ಅವಳ ಚಪ್ಪಲಿಯ ತುದಿ ಮಾತ್ರ ಕಾಣುತ್ತಿತ್ತು. ಅವಳಿಗೂ ತನ್ನ ಮುಖ ಕಾಣುವುದಿಲ್ಲ ಎಂದು ಅವನಿಗೆ ಹೊಳೆದದ್ದು ಹನ್ನೊಂದನೆಯ ಗಂಟಿಗೆ.

"ಇವಳೇ, ಒಂದು ಮಾತು."

"ಮೊದಲು ಸೂಜಿ ಕಳಿಸಿ."

ಸೂಜಿ ತೂರಿಸಿದ. ಅದು ಆ ಕಡೆ ಹೋಯಿತು. ಅದರ ಹಿಂದೆಯೇ ಮಾತನ್ನೂ ತೂರಿಸಿಬಿಟ್ಟ.

"ಎರಡು ಹಾಸಿಗೆ ಮಾಡಿದ್ದು ನಿನ್ನ ದೂರ ಇಡೋಕಲ್ಲ. ನನಗೆ ಏಳ್ತಾ ಇಲ್ಲ. ಐದು ತಿಂಗಳಾಯ್ತು. ಹಾಸಿಗೆಯದ್ದೇ ತಪ್ಪು ಅಂದ್ಕೊಂಡಿದ್ದೆ. ಅದರದ್ದಲ್ಲ."

ಆ ಕಡೆಯಿಂದ ಸೂಜಿ ಬರಲಿಲ್ಲ. ದಿಂಬಣ್ಣ ಹತ್ತಿ ಬಟ್ಟೆಯ ಮೇಲಿನ ಗೆರೆಗಳನ್ನು ನೋಡುತ್ತ ನಿಂತ. ಭೂಮಿ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದ, ಅವನ ಗಾತ್ರಕ್ಕೆ ಸ್ವಲ್ಪ ದೊಡ್ಡದಾಗಿಯೇ ಬಿಡಬೇಕಿತ್ತು.

"ಅದು ನನಗೆ ಗೊತ್ತಿಲ್ವಾ?" ಎಂದಿತು ಹಾಸಿಗೆಯ ಆಚೆಯ ದನಿ. "ಆ ಹೊತ್ತಲ್ಲಿ ನಾನೂ ಅಲ್ಲೇ ಇದ್ನಲ್ಲ. ಪಕ್ಕದ ಬೀದೀಲೇನೂ ಇರ್ಲಿಲ್ಲ."

ಇದು ದಿಂಬಣ್ಣನಿಗೆ ಹೊಳೆದೇ ಇರಲಿಲ್ಲ. ಐದು ತಿಂಗಳು ತಾನು ಮುಚ್ಚಿಟ್ಟ ಗುಟ್ಟಿಗೆ ಮೊದಲ ದಿನದಿಂದಲೂ ಒಬ್ಬಳು ಸಾಕ್ಷಿ ಇದ್ದಳು, ಅವಳಿಂದಲೇ ಅದನ್ನು ಮುಚ್ಚಿಟ್ಟಿದ್ದ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದ.

"ನೀವು ಹಾಸಿಗೆ ಬಿಚ್ತಾ ಕೂತಿದ್ರಿ. ತಪ್ಪು ಹಾಸಿಗೆ ಮೇಲೆ ಹಾಕ್ತಿದ್ದಾರೆ, ಹಾಕ್ಲಿ, ನನ್ನ ಮೇಲೆ ಹಾಕದಿದ್ರೆ ಸಾಕು ಅಂದ್ಕೊಂಡೆ. ಆಮೇಲೆ ಕೈ ತಾಗಿಸೋದೂ ಬಿಟ್ರಿ. ಆಮೇಲೆ ಎರಡು ಹಾಸಿಗೆ ಬಂತು." ಸೂಜಿಯಕ್ಕನ ದನಿ ಒಡೆಯಿತು. "ಓಹೋ, ಕೊನೆಗೂ ನನ್ನ ಮೇಲೇ ಹಾಕಿದ್ರು ಅಂದ್ಕೊಂಡೆ. ವಯಸ್ಸಾಯ್ತು ಇವಳಿಗೆ, ಬೇಡವಾದಳು ಅಂತ."

ತನ್ನ ನಾಚಿಕೆಯನ್ನು ಕಾಪಾಡಿಕೊಳ್ಳಲು ಹೋಗಿ ಇವಳಿಗೆ ಎಂಥ ಗಾಯ ಮಾಡಿದೆನಲ್ಲ ಎಂದು ದಿಂಬಣ್ಣನ ಕಣ್ಣು ತುಂಬಿತು. ಹಾಗಲ್ಲ, ಹಾಗಲ್ಲ ಎಂದು ಹಾಸಿಗೆಗೆ ಬಾಯಿ ಹತ್ತಿರ ತಂದು ತಡವರಿಸಿದ. ಮುಟ್ಟಿದರೆ ಶುರುವಾಗುತ್ತದೆ, ಶುರು ಮಾಡಿದಮೇಲೆ ಮುಗಿಸಬೇಕಾಗುತ್ತದೆ, ಮುಗಿಸಲು ಆಗುವುದಿಲ್ಲ ಎಂದಮೇಲೆ ಯಾವ ಮುಖ ಇಟ್ಟುಕೊಂಡು ಮುಟ್ಟಲಿ ಎಂದ.

"ರೀ, ನಾನೇನು ಆರ್ಡರ್ ಕೊಟ್ಟಿದ್ನಾ ನಿಮಗೆ? ಇಂಥ ದಿನಕ್ಕೆ ತಲುಪಿಸಿ ಅಂತ ಚೀಟಿ ಬರೆಸಿದ್ನಾ? ರಾತ್ರಿ ನನ್ನ ಕಾಲ ಮೇಲೆ ಕಾಲು ಹಾಕ್ಕೊಂಡು ಮಲಗಿ, ಅಂಗಡಿಗೆ ಬಂದವರದ್ದೆಲ್ಲ ಹೇಳಿ ನಗಿಸ್ತಿದ್ರಲ್ಲ, ಅದನ್ನ ಯಾಕೆ ನಿಲ್ಲಿಸಿದ್ರಿ? ಅದಕ್ಕೆ ಏನು ಏಳಬೇಕಿತ್ತು?"

ಸೂಜಿ ಈ ಕಡೆ ಬಂತು. ಅವನು ಗಂಟು ಬಿಗಿದು, ಪಕ್ಕದಲ್ಲಿ ಮತ್ತೆ ಚುಚ್ಚಿ ಕಳಿಸಿದ. ಈ ಸಲ ಅವಳ ಸರದಿ. ಎರಡು ವರ್ಷದಿಂದ ತನಗೂ ಮೊದಲಿನ ಹಾಗಿಲ್ಲ, ಕೆಲವು ಸಲ ನೋವಾಗುತ್ತದೆ, ನೀವು ಖುಷಿಯಲ್ಲಿದ್ದೀರಿ ಎಂದು ಹಲ್ಲು ಕಚ್ಚಿ ಸುಮ್ಮನಿದ್ದೆ ಎಂದಳು. ದಿಂಬಣ್ಣ ಗಾಬರಿಯಾದ.

"ನನಗೆ ಹೇಳಬಾರದಾ?"

"ನೀವು ಹೇಳಿದ್ರಾ?"

ಆಮೇಲೆ ಅವನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಮೊಣಕಾಲು, ಕಿವಿ, ಗಿರಾಕಿ ಎಲ್ಲವನ್ನೂ ಬಿಡದೆ ಹೇಳಿದ. ವಿಟಮಿನ್ ಎಂದದ್ದು ಬಿಪಿ ಮಾತ್ರೆ ಎಂದೂ ಒಪ್ಪಿಕೊಂಡ. ಆ ಕಡೆಯಿಂದ ಮೊದಲು ಮೂಗೆಳೆಯುವ ಸದ್ದು ಬರುತ್ತಿತ್ತು, ಗಿರಾಕಿಯ ತೋಳಿಗೆ ಬಿಪಿ ಪಟ್ಟಿ ಸುತ್ತುವ ಹೊತ್ತಿಗೆ ಅದು ಕಿಸಕಿಸ ನಗುವಾಗಿತ್ತು. ಇಬ್ಬರೂ ಹೋಗೋಣ, ನನ್ನದನ್ನೂ ಕೇಳೋಣ, ಗಿರಾಕಿಯ ಹೆಂಡತಿ ಬಂದಿದ್ದಾಳೆ ಅನ್ನಿ ಎಂದಳು. ಆಮೇಲೆ ಏನೋ ಸಣ್ಣದಾಗಿ ಹೇಳಿದಳು. ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ದಿಂಬಣ್ಣ ಹಾಸಿಗೆಗೆ ಕಿವಿಯಾನಿಸಿ, ಕಿವಿಯ ಹಿಂದೆ ತನ್ನ ಪೂರ್ತಿ ಭಾರವನ್ನೂ ಆನಿಸಿದ.

ಹಗ್ಗ ಎಷ್ಟೆಂದು ತಡೆದೀತು. ಹಾಸಿಗೆ ದಿಂಬಣ್ಣನ ಸಮೇತ ಧಡಾರನೆ ಆ ಕಡೆಗೆ ಉರುಳಿತು. ಸೂಜಿಯಕ್ಕ ಇಪ್ಪತ್ತೆಂಟು ವರ್ಷದ ಅಭ್ಯಾಸದಿಂದ ಸೂಜಿಯನ್ನು ಮೇಲೆತ್ತಿಕೊಂಡು ಪಕ್ಕಕ್ಕೆ ಹಾರಿದಳು. ಧೂಳು ಇಳಿದಾಗ ಅವನು ಮುಖ ಕೆಳಗೆ ಮಾಡಿ, ಕೈಕಾಲು ಚಾಚಿ ಬಿದ್ದಿದ್ದ. ಮೀಸೆ ತುಂಬ ಹತ್ತಿ. ಅವಳು ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತ ನಗುತ್ತ ಅತ್ತಳು, ಸೂಜಿಯನ್ನು ಕಿಟಕಿಯ ಮೇಲಿಟ್ಟು ಬಂದು ಅವನ ಪಕ್ಕದಲ್ಲೇ ಹಾಸಿಗೆಯ ಮೇಲೆ ಉರುಳಿಕೊಂಡಳು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಇಬ್ಬರ ಕಾಲ ಮೇಲೂ ಬಿದ್ದಿತ್ತು.

ದಿಂಬಣ್ಣ ಅವಳ ಸೊಂಟದ ಮೇಲೆ ಕೈಯಿಟ್ಟ. ಇಟ್ಟ ಕ್ಷಣಕ್ಕೇ ಐದು ತಿಂಗಳ ರೂಢಿಯಿಂದ ಕೈ ತಾನಾಗಿ ಹಿಂದಕ್ಕೆ ಸರಿಯಿತು. ಅವಳು ಮಣಿಕಟ್ಟು ಹಿಡಿದಳು.

"ಎಲ್ಲಿಗೆ ಹೊರಟಿತು?"

"ಅಲ್ಲ, ಮುಂದೆ ಏನಾದ್ರೂ ಆಗಬೇಕಾಗುತ್ತೆ ಅಂತ."

"ಏನೂ ಆಗಬೇಕಾಗಿಲ್ಲ. ಇಲ್ಲಿದೆಯಲ್ಲ, ಸಾಕು."

ಅವನು ಕೈಯನ್ನು ಮತ್ತೆ ಇಟ್ಟ. ಮೊದಲು ಮರದ ಹಲಗೆ ಇಟ್ಟಂತೆ ಬಿಗಿಯಾಗಿತ್ತು, ಆಮೇಲೆ ಮೆಲ್ಲಗೆ ಸಡಿಲವಾಯಿತು. ಅವಳ ಉಸಿರಿಗೆ ತಕ್ಕ ಹಾಗೆ ಕೈ ಏರುವುದು ಇಳಿಯುವುದು ಗೊತ್ತಾಗುತ್ತಿತ್ತು. ಇಷ್ಟು ದಿನ ಇದನ್ನು ಬಿಟ್ಟು ಹೇಗಿದ್ದೆ ಎಂದು ಅವನಿಗೆ ಆಶ್ಚರ್ಯವಾಯಿತು.

ಮುಂಭಾಗದ ಅಂಗಡಿಯಲ್ಲಿ ಯಾರೋ ಕೆಮ್ಮಿದರು. ಗಲ್ಲಾದ ಮೇಜನ್ನು ಬೆರಳಿಂದ ಕುಟ್ಟಿ, ಯಾರಾದರೂ ಇದ್ದೀರಾ, ಹಾಸಿಗೆ ನೋಡಬೇಕಿತ್ತು ಎಂದು ಕೂಗಿದರು. ದಿಂಬಣ್ಣ ಏಳಲು ಹೋದ. ಅವಳು ಮಣಿಕಟ್ಟು ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನಾಳೆ ಬನ್ನಿ" ಎಂದು ಮಲಗಿದಲ್ಲಿಂದಲೇ ಕೂಗಿದಳು. "ಸೋಮವಾರ ಇಬ್ಬರೂ ಇರ್ತೀವಿ."